ಮಾವ ಬರೆದ ಅಂಕಿಗಳು

ನಮ್ಮ ಮಾವ ರೇವಣಸಿದ್ದಯ್ಯನವರು ಗುಬ್ಬಿಯ ಸಾಹುಕಾರರೊಬ್ಬರ ಮಂಡಿಯಲ್ಲಿ ರಾಗಿ ಅಳೆಯುತ್ತಿದ್ದರು. ಮಂಡಿ ಅವರದ್ದಲ್ಲ, ರಾಗಿಯೂ ಅವರದ್ದಲ್ಲ, ಕೈ ಮಾತ್ರ ಅವರದ್ದು. ಕೊಳ್ಳಲು ಬಂದವರಿಗೆ ಸೇರಿನಲ್ಲಿ ಅಳೆದು ಚೀಲಕ್ಕೆ ಸುರಿಯುವುದು ಕಸುಬು. ಮೊದಲ ಸೇರಿಗೆ ‘ಒಂದು’ ಅನ್ನುತ್ತಿರಲಿಲ್ಲ, ‘ಲಾಭ’ ಅನ್ನುತ್ತಿದ್ದರು. ಆಮೇಲೆ ಎರಡು, ಮೂರು. ಸೇರಿನ ತಲೆಯ ಮೇಲೆ ರಾಗಿ ಗೋಪುರದ ಹಾಗೆ ನಿಂತಿರಬೇಕು. ಅಂಗೈಯಿಂದ ಸವರಿ ಸಮ ಮಾಡಿ ಅಳೆಯುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಎಲ್ಲ ಅಳೆದು ಮುಗಿದ ಮೇಲೂ ಚೀಲಕ್ಕೆ ಒಂದು ಬೊಗಸೆ ಕೊಸರು ಬೀಳಲೇಬೇಕು. ಸಾಹುಕಾರರು ಗೊಣಗುತ್ತಿದ್ದರು. ಆದರೆ ರೇವಣಸಿದ್ದಯ್ಯ ಅಳೆಯುತ್ತಾರೆ ಅಂತಲೇ ಜನ ಆ ಮಂಡಿಗೆ ಬರುತ್ತಿದ್ದರಿಂದ ಗೊಣಗಾಟ ಅಲ್ಲಿಗೇ ನಿಲ್ಲುತ್ತಿತ್ತು.

ನಾನು ಕುಣಿಗಲ್‌ನವಳು, ಉಮಾಮಹೇಶ್ವರಿ. ಹುಡುಗಿಗೆ ಮೂಗಿನ ತುದಿಯಲ್ಲೇ ಕೋಪ ಅಂತ ನಮ್ಮಮ್ಮ ಮದುವೆಗೆ ಮುಂಚೆಯೇ ಬೀಗರಿಗೆ ಹೇಳಿ ಕೈ ತೊಳೆದುಕೊಂಡಿದ್ದಳು. ಮಾವ ನಕ್ಕು, “ಇರ್ಲಿ ಬುಡಿ, ಸಾರಿಗೆ ಮೆಣಸಿನಕಾಯಿ ಉಳೀತು” ಅಂದರಂತೆ. ಅಂಥ ಮನುಷ್ಯ. ಅವರ ಒಬ್ಬನೇ ಮಗ ಚನ್ನವೀರಯ್ಯ, ನಮ್ಮ ಮನೆಯವರು. ತುಮಕೂರಿನ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. ನಾನು ಮಿಡ್ಲ್‌ಸ್ಕೂಲಿನಲ್ಲಿ ಗಣಿತದ ಮೇಡಂ. ಮರಳೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಪಕ್ಕದ ಮನೆಯವರು ಕೆಮ್ಮಿದರೆ ನಮ್ಮ ಮನೆಯಲ್ಲಿ ನೀರು ಕೊಡಬೇಕು, ಗೋಡೆ ಅಷ್ಟು ತೆಳು.

ಎಪ್ಪತ್ತರ ದಶಕದ ನಡುವಿನಲ್ಲಿ ಇವರಿಗೆ ಪಿಎಚ್.ಡಿ. ಮಾಡುವ ಹುಚ್ಚು ಹತ್ತಿತು. ಬೆಂಗಳೂರಿನ ಅನಂತರಾಮಯ್ಯ ಎಂಬ ಪ್ರೊಫೆಸರು ಗೈಡು. ಏನ್ರೀ ಅದು ಅಂತ ನಾನು ಕೇಳಿದ್ದಕ್ಕೆ ಇವರು ಹೇಳಿದ್ದು ಇಷ್ಟು: “ಕೆಲವು ಲೋಹ ಬೆಚ್ಚಗಿದ್ದಾಗ ಎಳೆದ್ರೆ ಬಗ್ಗುತ್ತೆ ಉಮಾ. ವಿಪರೀತ ಚಳಿಯಲ್ಲಿ ಎಳೆದ್ರೆ ಗಾಜಿನ ಥರ ಪಟ್ ಅಂತ ಒಡೆಯುತ್ತೆ. ಅದಕ್ಕೆ ಇನ್ನೊಂದು ಲೋಹ ಚೂರೇ ಚೂರು ಬೆರೆಸಿದ್ರೆ ಚಳಿಯಲ್ಲೂ ಒಡೀದೆ ಇರುತ್ತಾ ಅಂತ ನೋಡ್ಬೇಕು.”

“ಹಾಗಾದ್ರೆ ಲೋಹ ಎಲ್ಲಿ?”

“ಲೋಹ ಇಲ್ಲ. ಕಂಪ್ಯೂಟರ್‌ನಲ್ಲಿ ಅದರ ಲೆಕ್ಕ ಮಾತ್ರ ಇರುತ್ತೆ. ಕೆಲವು ನೂರು ಅಣು. ಯಾವುದು ಎಲ್ಲಿದೆ, ಎಷ್ಟು ವೇಗವಾಗಿ ಯಾವ ಕಡೆ ಹೋಗ್ತಿದೆ. ಆ ಲೆಕ್ಕಾನ ಚೂರು ಚೂರೇ ಮುಂದಕ್ಕೆ ನಡೆಸ್ತಾ ಹೋದ್ರೆ ನಿಜವಾದ ಲೋಹ ಎಳೆದಂಗೇ.”

ಇಲ್ಲದ ಲೋಹವನ್ನು ಇಲ್ಲದ ಚಳಿಯಲ್ಲಿಟ್ಟು ಎಳೆಯುವುದು! ಅದಕ್ಕೊಂದು ಡಾಕ್ಟರ್ ಪದವಿ! ನಾನು ನಕ್ಕಿದ್ದೆ. ಆದರೆ ಡಾಕ್ಟರ್ ಆಗದವರಿಗೆ ಕಾಲೇಜಿನಲ್ಲಿ ಮುಂದೆ ಬಡ್ತಿಯಿಲ್ಲ ಅನ್ನುವುದು ನಗುವ ವಿಷಯವಾಗಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಇವರಿಗೆ ಅದು ಉಸಿರಾಗಿಬಿಟ್ಟಿತ್ತು. ಊಟಕ್ಕೆ ಕೂತರೆ ತಟ್ಟೆಯ ಅಂಚಿನಲ್ಲಿ ಅನ್ನದ ಅಗಳು ಜೋಡಿಸಿ ಅಣು ಮಾಡುವ ಮನುಷ್ಯನಿಗೆ ಏನು ಹೇಳುವುದು?

ಆ ಕಾಲದ ಕಂಪ್ಯೂಟರು ಈಗಿನ ಹಾಗೆ ಮೇಜಿನ ಮೇಲೆ ಕೂರುತ್ತಿರಲಿಲ್ಲ. ಬೆಂಗಳೂರಿನ ಒಂದು ದೊಡ್ಡ ಸಂಸ್ಥೆಯಲ್ಲಿ ಒಂದು ಮಹಡಿಯನ್ನೇ ಆಕ್ರಮಿಸಿಕೊಂಡು, ತಂಪು ಗಾಳಿ ಹಾಕಿಸಿಕೊಂಡು ಮೆರೆಯುತ್ತಿತ್ತು. ಇವರಂಥ ಹೊರಗಿನವರಿಗೆ ವಾರಕ್ಕೊಂದು ಸಲ ಸ್ವಲ್ಪ ಹೊತ್ತು ಸರದಿ ಸಿಗುತ್ತಿತ್ತು. ಲೆಕ್ಕವನ್ನು ಯಂತ್ರದೊಳಗೇ ಬಿಟ್ಟು ಬರುವ ಹಾಗಿರಲಿಲ್ಲ. ಸರದಿ ಮುಗಿದ ಹೊತ್ತಿಗೆ ಅಣುಗಳು ಎಲ್ಲೆಲ್ಲಿ ಇದ್ದವೋ, ಎಷ್ಟು ವೇಗದಲ್ಲಿದ್ದವೋ, ಅದೆಲ್ಲ ಉದ್ದನೆಯ ಕಾಗದದಲ್ಲಿ ಅಚ್ಚಾಗಿ ಬರುತ್ತಿತ್ತು. ಇವರು ಅದನ್ನು ಸುತ್ತಿ ಬಗಲಲ್ಲಿಟ್ಟುಕೊಂಡು ರೈಲು ಹತ್ತುತ್ತಿದ್ದರು. ಮನೆಯಲ್ಲಿ ಕೂತು ಆ ಅಂಕಿಗಳನ್ನು ಚೌಕಳಿ ಹಾಳೆಗಳಿಗೆ ಇಳಿಸಬೇಕು. ಆ ಹಾಳೆ ನೋಡಿ ಸಂಸ್ಥೆಯ ಹುಡುಗಿಯರು ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆಯಬೇಕು. ಮುಂದಿನ ವಾರ ಯಂತ್ರ ಅಲ್ಲಿಂದ ಶುರು.

ಅಚ್ಚಾದ ಅಂಕಿ ಉದ್ದ, ಹಾಳೆಯ ಚೌಕ ಕಡಿಮೆ. ಅದಕ್ಕೇ ಪ್ರತಿ ಅಂಕಿಯ ಬಾಲ ಕತ್ತರಿಸಬೇಕು. ಬಾಲ ಸಣ್ಣದಾದರೆ ಬಿಟ್ಟುಬಿಡುವುದು, ಐದೋ ಅದಕ್ಕಿಂತ ದೊಡ್ಡದೋ ಆದರೆ ಅದರ ಹಿಂದಿನದಕ್ಕೆ ಒಂದು ಸೇರಿಸುವುದು. ಕೆಲವಕ್ಕೆ ಹೆಚ್ಚಾಗುತ್ತದೆ, ಕೆಲವಕ್ಕೆ ಕಡಿಮೆಯಾಗುತ್ತದೆ, ಒಟ್ಟಿನಲ್ಲಿ ಸರಿಹೋಗುತ್ತದೆ. ನಾನು ಆರನೇ ಕ್ಲಾಸಿನ ಮಕ್ಕಳಿಗೆ ಹೇಳಿಕೊಡುವುದೂ ಇದನ್ನೇ. ಬೆರಕೆಯಿಲ್ಲದ ಬರೀ ಲೋಹದ ಲೆಕ್ಕವನ್ನು ಮೊದಲು ಮಾಡಿದರು. ಅದನ್ನು ಪೂರ್ತಿ ಇವರೇ ಕೂತು ಬರೆದರು. ಅಂದುಕೊಂಡಂತೆ ಅದು ಚಳಿಯಲ್ಲಿ ಒಡೆಯಿತು.

ಅಷ್ಟರಲ್ಲಿ ಅತ್ತೆ ತೀರಿಕೊಂಡರು. ಅದೇ ವರ್ಷ ಸಾಹುಕಾರರು ಮಂಡಿಗೆ ತೂಕದ ಯಂತ್ರ ತಂದರು. ಸೇರು ಮೂಲೆಗೆ ಬಿತ್ತು, ಮಾವನೂ ಮೂಲೆಗೆ ಬಿದ್ದರು. ನಾವು ಹೋಗಿ ಅವರನ್ನು ಮರಳೂರಿಗೆ ಕರೆತಂದೆವು. ಜಗಲಿಯ ಮೇಲೆ ಕೂತು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಬೀದಿ ನೋಡುತ್ತಿದ್ದರು. “ಉಮಾ, ಏನಾರ ಕೆಲ್ಸ ಕೊಡವ್ವ. ಈ ಕೈಗೆ ಸುಮ್ಕಿರೋದು ಗೊತ್ತಿಲ್ಲ” ಅನ್ನುತ್ತಿದ್ದರು. ಅವರೆಕಾಯಿ ಸುಲಿಯಲು ಕೊಟ್ಟರೆ ಕಣ್ಣುಮುಚ್ಚಿ ತೆಗೆಯುವುದರೊಳಗೆ ಮುಗಿಸಿ ಮತ್ತೆ ಬೀದಿ ನೋಡುವರು.

ಒಂದು ಭಾನುವಾರ ಇವರು ಚೌಕಳಿ ಹಾಳೆಯ ಕಟ್ಟು ತಂದು ಅಪ್ಪನ ಮುಂದಿಟ್ಟರು. ಮಾವನಿಗೆ ಅಂಕಿ ಚೆನ್ನಾಗಿ ಬರುತ್ತಿತ್ತು, ಕೈಬರಹ ಮುತ್ತು. ಇವರು ಬಾಲ ಕತ್ತರಿಸುವುದನ್ನು ಹೇಳಿಕೊಟ್ಟರು. ಮಾವ ತಲೆದೂಗಿದರು. ಅಣುಗಳ ಜಾಗದ ಅಂಕಿ ಮಗನ ಪಾಲಿಗೆ, ವೇಗದ ಅಂಕಿ ಅಪ್ಪನ ಪಾಲಿಗೆ ಅಂತ ಹಂಚಿಕೆಯಾಯಿತು.

ಮಾರನೆಯ ದಿನದಿಂದ ಮಾವನಿಗೆ ಜೀವ ಬಂತು. ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ವಿಭೂತಿ ಧರಿಸಿ, ಮಂಡಿಯಲ್ಲಿ ಕೂರುತ್ತಿದ್ದ ಹಾಗೆಯೇ ಚಕ್ಕಳಮಕ್ಕಳ ಹಾಕಿ ಕೂತು ಬರೆಯುವರು. ಮೊದಲ ಸಾಲಿಗೆ ಬಾಯಲ್ಲಿ ‘ಲಾಭ’ ಅನ್ನುವುದು ನನಗೆ ಅಡುಗೆಮನೆಗೆ ಕೇಳಿಸುತ್ತಿತ್ತು. ಬೀದಿಯಲ್ಲಿ ಯಾರಾದರೂ ಏನ್ ಯಜಮಾನ್ರೇ ಅಂದರೆ, “ಮಗನ ಕಬ್ಬಿಣ ಎಳೀತಾ ಇದೀನಪ್ಪ, ಆಮೇಲೆ ಬಾ” ಅಂತ ಅಟ್ಟುತ್ತಿದ್ದರು. ಆ ಎರಡು ವರ್ಷ ನಮ್ಮ ಮನೆಯಲ್ಲಿ ಎಷ್ಟು ಸಂತೋಷವಿತ್ತು ಅಂದರೆ, ನೆನೆದರೆ ಈಗ ನನಗೆ ಸಿಟ್ಟು ಬರುತ್ತದೆ.

ಬೆರಕೆ ಲೋಹ ಒಡೆಯಲಿಲ್ಲ. ಎಷ್ಟು ಎಳೆದರೂ ಬಗ್ಗಿತೇ ಹೊರತು ಒಡೆಯಲಿಲ್ಲ. ಎಂದೂ ಓಡದ ಮನುಷ್ಯ ರೈಲ್ವೆ ಸ್ಟೇಷನ್ನಿನಿಂದ ಓಡಿಕೊಂಡು ಬಂದು, ಬಾಗಿಲಲ್ಲೇ ನಿಂತು, “ಅಪ್ಪಾ, ಒಡೀಲಿಲ್ಲ!” ಅಂದರು. ಲೋಹ ಎಳೆಯುತ್ತ ಹೋದ ಹಾಗೆ ಸ್ವಲ್ಪ ಬಿಸಿಯೇರಿದ್ದು ಅಂಕಿಯಲ್ಲಿ ಕಂಡಿತ್ತಂತೆ. ತಂತಿಯನ್ನು ಬಗ್ಗಿಸಿ ಬಗ್ಗಿಸಿ ಮಾಡಿದರೆ ಬಿಸಿಯಾಗುವುದಿಲ್ಲವೇ, ಹಾಗೇ ಇದೂ ಅಂತ ಇವರೂ ಪ್ರೊಫೆಸರೂ ತಿಳಿದರು. ಹೊರದೇಶದ ಪತ್ರಿಕೆಯಲ್ಲಿ ಇವರ ಹೆಸರಿನಲ್ಲಿ ಲೇಖನ ಬಂತು. ಮಾವ ಗುಬ್ಬಿಗೆ ಹೋಗಿ ಮಗನ ಲೋಹ ಚಳಿಗೆ ಒಡೆಯುವುದಿಲ್ಲ ಅಂತ ಊರೆಲ್ಲ ಹೇಳಿ ಬಂದರು. ಚಳಿಗೆ ಒಡೆದ ಲೋಹವನ್ನು ಗುಬ್ಬಿಯಲ್ಲಿ ಯಾರು ಕಂಡಿದ್ದಾರೆ? ಆದರೂ ಎಲ್ಲರೂ ಭೇಷ್ ಅಂದರಂತೆ.

ಥೀಸಿಸ್ ಬರೆದು, ಟೈಪು ಮಾಡಿಸಿ, ಇನ್ನೇನು ಒಪ್ಪಿಸಬೇಕು ಅನ್ನುವ ಹೊತ್ತಿಗೆ ಶ್ರೀಕಂಠಯ್ಯ ಎನ್ನುವ ಹುಡುಗ ಬೆಂಗಳೂರಿನಿಂದ ಮನೆ ಹುಡುಕಿಕೊಂಡು ಬಂದ. ಅವನೂ ಇದೇ ಕೆಲಸದವನು. ಉಪ್ಪಿಟ್ಟು ಕೊಟ್ಟೆ. ತಿಂದು, ಕಾಫಿ ಕುಡಿದು, ತಲೆ ತಗ್ಗಿಸಿ ಹೇಳಿದ: “ಸರ್, ತಪ್ಪು ತಿಳ್ಕೋಬೇಡಿ. ಪ್ರೊಫೆಸರ್ ಹತ್ರ ನಿಮ್ಮ ಪ್ರೋಗ್ರಾಮನ್ನೇ ಇಸ್ಕೊಂಡು ನಮ್ಮ ಹೊಸ ಮೆಷಿನ್ನಲ್ಲಿ ಓಡಿಸ್ದೆ. ನಮ್ಮಲ್ಲಿ ಒಡೆದುಹೋಗ್ತಿದೆ.”

ನನಗೆ ಮೈಯೆಲ್ಲ ಉರಿದುಹೋಯಿತು. “ನಿಮ್ಮ ಮೆಷಿನ್ನೇ ಕೆಟ್ಟಿರಬೇಕು ಕಣಪ್ಪ” ಅಂದೆ. ಇವರು ನನ್ನನ್ನು ಕಣ್ಣಲ್ಲೇ ಸುಮ್ಮನಿರಿಸಿ, ಆ ಹುಡುಗನನ್ನು ಬಸ್‌ಸ್ಟ್ಯಾಂಡಿನ ತನಕ ಬಿಟ್ಟು ಬಂದರು. ಬಂದವರು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು ಕೂತರು.

ಪ್ರೊಫೆಸರ್ ಅನಂತರಾಮಯ್ಯನವರು ಒಳ್ಳೆಯವರು, ಆದರೆ ಗಟ್ಟಿ ಮನುಷ್ಯ. “ಚನ್ನವೀರಯ್ಯ, ನೀನು ಮಾಡಿದ್ದು ಇನ್ನೊಬ್ಬ ಮಾಡಿದಾಗಲೂ ಬರಬೇಕು. ಬಂದ ದಿನ ಥೀಸಿಸ್ ಒಪ್ಪಿಸೋಣ” ಅಂದರು. ಟೈಪಾದ ಥೀಸಿಸ್ಸು ಬೀರುವಿನೊಳಕ್ಕೆ ಹೋಯಿತು.

ಆಮೇಲಿನ ವರ್ಷಗಳನ್ನು ನಾನು ಏನಂತ ಹೇಳಲಿ! ಇವರೇ ಹೊಸ ಯಂತ್ರದಲ್ಲಿ ಓಡಿಸಿದರು, ಒಡೆಯಿತು. ಹಳೆಯ ಯಂತ್ರ ಅಂಕಿಗಳನ್ನು ಬೇರೆ ರೀತಿ ಇಟ್ಟುಕೊಳ್ಳುತ್ತಿತ್ತು, ಅದಕ್ಕೇ ಇರಬೇಕು ಅಂತ ಹಳೆಯದನ್ನು ಹುಡುಕಿಕೊಂಡು ಹೋದರೆ, ಅದನ್ನು ಬಿಚ್ಚಿ ಗುಜರಿಗೆ ಹಾಕಿಯಾಗಿತ್ತು. ಅದೇ ಜಾತಿಯ ಇನ್ನೊಂದು ಮದ್ರಾಸಿನಲ್ಲಿದೆ ಅಂತ ಯಾರೋ ಹೇಳಿದರು. ಬೇಸಿಗೆ ರಜೆಯಲ್ಲಿ ಮದ್ರಾಸಿಗೆ ಹೋಗಿ ಅವರಿವರ ಕಾಲು ಹಿಡಿದು ಅದರಲ್ಲೂ ಓಡಿಸಿದರು. ಅಲ್ಲೂ ಒಡೆಯಿತು. ಕಾಲೇಜಿನಲ್ಲಿ ಹಿಂದಿನಿಂದ ಬಂದವರು ಡಾಕ್ಟರಾಗಿ ಮುಂದೆ ಹೋದರು. ಸ್ಟಾಫ್ ರೂಮಿನಲ್ಲಿ ಒಬ್ಬ, “ಏನ್ ಚನ್ನವೀರಯ್ಯನೋರೇ, ನಿಮ್ಮ ಲೋಹ ಇವತ್ತು ಹೆಂಗಿದೆ, ಜ್ವರ ಬಿಡ್ತಾ?” ಅಂತ ಕೇಳಿದನಂತೆ. ಇವರು ಅದನ್ನು ಮನೆಗೆ ಬಂದು ನಗುತ್ತ ಹೇಳಿದರು. ನಾನು ಅವತ್ತು ಆ ಮಹಾನುಭಾವನಿಗೆ ಹಾಕಿದ ಶಾಪ ಅವನಿಗೆ ಇನ್ನೂ ತಟ್ಟಿಲ್ಲ.

ಕೊನೆಗೆ ಒಂದು ದಿನ ಇವರಿಗೆ ಹೊಳೆಯಿತು. ಯಂತ್ರ ಒಂದೇ ಉಸಿರಿಗೆ ಓಡುವುದು ಬೇರೆ, ನಾವು ವಾರ ವಾರ ನಿಲ್ಲಿಸಿ, ಬರೆದು, ಮತ್ತೆ ನಡೆಸಿದ್ದು ಬೇರೆ. “ಆಗ ಹೆಂಗೆ ಮಾಡಿದ್ವೋ ಹಂಗೇ ಮಾಡೋಣ ಅಪ್ಪಾ” ಅಂದರು. ಮಾವ ಆಗಲೇ ಬಹಳ ಸೊರಗಿದ್ದರು. ಮಗನ ಕೆಲಸ ನಿಂತಿದ್ದಕ್ಕೆ ಅವರ ಊಟವೂ ಅರ್ಧ ಆಗಿತ್ತು. ಹಾಳೆ ಕಂಡ ಕೂಡಲೇ ಎದ್ದು ಕೂತರು. “ತಾ ಇಲ್ಲಿ. ಇಷ್ಟ್ ದಿನ ಯಾಕ್ಲಾ ಕೊಡ್ಲಿಲ್ಲ?” ಅಂತ ಮಗನನ್ನು ಗದರಿಸಿದರು. ಕನ್ನಡಕ ಬದಲಾಗಿತ್ತು, ಕೈ ಮೊದಲಿನ ಹಾಗೇ ಇತ್ತು. ತಿಂಗಳುಗಟ್ಟಲೆ ಅಪ್ಪ ಮಗ ಕೂತು ಬರೆದರು. ಇವರು ಮತ್ತೆ ವಾರ ವಾರ ಬೆಂಗಳೂರಿಗೆ ಓಡಾಡಿದರು.

ಈ ಸಲ ಒಡೆಯಲಿಲ್ಲ!

ಅಯ್ಯೋ, ಅವತ್ತಿನ ಸಂಭ್ರಮವೇ! ಇವರು ಅಪ್ಪನ ಕಾಲಿಗೆ ಅಡ್ಡಬಿದ್ದು ಎದ್ದು, ಮತ್ತೆ ಬಿದ್ದರು. ನಾನು ಹೋಳಿಗೆ ಮಾಡಿದೆ. ಮಾವ ಮೂರು ತಿಂದು, “ನನ್ ಮಗ ಸುಳ್ಳಾಡೋನೇ ಅಲ್ಲ ಅಂತ ನಂಗೊತ್ತಿತ್ತು ಕಣವ್ವ” ಅಂತ ಕಣ್ಣೊರೆಸಿಕೊಂಡರು. ನಾವು ಮಾಡಿದ ಹಾಗೇ ಮಾಡಿದರೆ ಬಂದೇ ಬರುತ್ತದೆ, ಈ ದಾರಿಯನ್ನು ಶ್ರೀಕಂಠಯ್ಯನಿಗೂ ತೋರಿಸಬೇಕು ಅಂತ ಇವರು ಕುಣಿದಾಡಿದರು. ಬರೆಯುವ ಕ್ರಮವನ್ನು ಅವನಿಗೆ ಒಂದೊಂದಾಗಿ ವಿವರಿಸಬೇಕಲ್ಲ, ಅದಕ್ಕೆ ಮುಂದಿನ ಭಾನುವಾರ ಬೆಳಿಗ್ಗೆ ಮಾವ ಬರೆಯುವಾಗ ಪಕ್ಕದಲ್ಲಿ ಕೂತರು. ಅಷ್ಟು ವರ್ಷದಲ್ಲಿ ಅಪ್ಪ ಬರೆಯುವುದನ್ನು ಇವರು ಕೂತು ನೋಡಿದ್ದು ಅದೇ ಮೊದಲು. ಅಪ್ಪ ಬರೆದದ್ದನ್ನು ಮತ್ತೆ ತಪಾಸಣೆ ಮಾಡುವುದು ಇವರ ಜಾಯಮಾನದಲ್ಲೇ ಇರಲಿಲ್ಲ.

ನಾನು ಕಾಫಿ ತಂದೆ. ಇವರ ಮುಖ ನೋಡಿದೆ. ಬೂದಿಯಾಗಿತ್ತು.

“ಅಪ್ಪಾ, ಇಲ್ಲಿ ಬಾಲ ಬರೀ ಎರಡು ಇದೆ. ಬಿಟ್ಟುಬಿಡಬೇಕಿತ್ತಲ್ಲ. ಒಂದು ಹೆಚ್ಚಿಗೆ ಬರ್ದಿದೀಯ?”

“ಹೂಂ. ಬರ್ದಿದೀನಿ.”

“ಇಲ್ಲೂ? ಇಲ್ಲಿ ಒಂದೇ ಇದೆ.”

“ಎಲ್ಲಾದ್ಕೂ ಬರ್ದಿದೀನಿ ಕಣ್ಲಾ. ನೀನು ಚಿಕ್ಕುದ್ದಾದ್ರೆ ಬುಟ್ಬುಡು ಅಂದೆ. ಹೆಂಗ್ಲಾ ಬುಡಾದು? ಯಾರ್ಯಾರಿಗೋ ತಲೆ ತುಂಬ ಅಳೆದ್ ಕೊಟ್ಟೋನು, ನನ್ ಮಗನ್ ಪಾಲಿಗೆ ಕಮ್ಮಿ ಅಳೀಲಾ? ಒಂದ್ ಚೂರು ಹೆಚ್ಚಾದ್ರೆ ನಿಂಗೇ ತಾನೇ ಒಳ್ಳೇದು.”

ಇವರು ಆ ಹಾಳೆಯನ್ನೇ ನೋಡುತ್ತ ಕೂತರು. ಆಮೇಲೆ, “ಸರಿ ಅಪ್ಪ. ಕಾಫಿ ಕುಡಿ” ಅಂದು ಎದ್ದು ಹಿತ್ತಲಿಗೆ ಹೋದರು. ನಾನು ಹಿಂದೆಯೇ ಹೋದೆ. ಒಗೆಯುವ ಕಲ್ಲಿನ ಮೇಲೆ ಕೂತು ಹೇಳಿದರು. ಅಣುಗಳ ವೇಗ ಹೆಚ್ಚಾಗುವುದು ಅಂದರೆ ಲೋಹ ಬಿಸಿಯಾಗುವುದು. ಎಡಕ್ಕೆ ಹೋಗುವ ಅಣುವಿಗೂ ಬಲಕ್ಕೆ ಹೋಗುವ ಅಣುವಿಗೂ ವಾರ ವಾರ ಅಪ್ಪ ಒಂದು ಚೂರು ವೇಗ ಸೇರಿಸುತ್ತ ಹೋಗಿದ್ದಾರೆ. ಚಳಿಯಲ್ಲಿಟ್ಟಿದ್ದೇನೆ ಅಂತ ಇವರು ಅಂದುಕೊಂಡ ಲೋಹ ಒಳಗೊಳಗೇ ಬೆಚ್ಚಗಾಗುತ್ತಿತ್ತು. ಬೆಚ್ಚಗಾದದ್ದಕ್ಕೆ ಬಗ್ಗಿತು. ಬೆರಕೆಯಿಂದ ಏನೂ ಆಗಿರಲಿಲ್ಲ. ಬರೀ ಲೋಹ ಒಡೆದದ್ದು ಅದರ ಅಂಕಿಗಳನ್ನು ಇವರೇ ಬರೆದದ್ದರಿಂದ.

ನನ್ನ ಕೋಪ ನೆತ್ತಿಗೇರಿತು. “ಯಾರಿಗೂ ಗೊತ್ತಿಲ್ಲವಲ್ರೀ! ಮತ್ತೆ ಮಾಡಿ ತೋರಿಸಿದೀರಿ, ಬಂದಿದೆ. ಥೀಸಿಸ್ ಕೊಟ್ಟುಬಿಡಿ. ಹತ್ತು ವರ್ಷ ಆಯ್ತು, ನಾನು ಬಾಯಿ ಹೊಲ್ಕೊಂಡಿರ್ತೀನಿ.”

“ಬಂದಿಲ್ಲ ಉಮಾ. ಅಪ್ಪ ಬರೆದ್ರೆ ಮಾತ್ರ ಬರೋದು ಬಂದಂಗಲ್ಲ.”

“ಹಾಗಾದ್ರೆ ಹೋಗಿ ಅವರಿಗೆ ಹೇಳಿ!”

“ಏನಂತ ಹೇಳ್ಲಿ?” ಅಂದರು.

ಮುಂದಿನ ವಾರ ಬೆಂಗಳೂರಿಗೆ ಹೋಗಿ ಪ್ರೊಫೆಸರಿಗೆ ಎಲ್ಲ ಹೇಳಿದರು. ಅಂಕಿ ಇಳಿಸುವಾಗ ನನ್ನಿಂದ ತಪ್ಪಾಗಿದೆ, ಆ ಫಲಿತಾಂಶವನ್ನು ಯಾರೂ ನಂಬಬಾರದು ಅಂತ ಪತ್ರಿಕೆಗೆ ಬರೆದು ಲೇಖನ ಹಿಂತೆಗೆದುಕೊಂಡರು. ಥೀಸಿಸ್ಸಿನ ಕಥೆ ಮುಗಿಯಿತು. ಬೆರಕೆ ಲೋಹವೂ ಉಳಿದವುಗಳ ಹಾಗೆಯೇ ಒಡೆಯುತ್ತದೆ ಅನ್ನುವುದಕ್ಕೆ ಡಾಕ್ಟರ್ ಪದವಿ ಯಾರೂ ಕೊಡುವುದಿಲ್ಲ. ಹೊಸದಾಗಿ ಶುರು ಮಾಡುವ ವಯಸ್ಸೂ ದಾಟಿತ್ತು, ಇವರಲ್ಲಿ ಚೈತನ್ಯವೂ ಇರಲಿಲ್ಲ. ಮಾವನಿಗೆ ಮಾತ್ರ ಮೆಷಿನ್ ಕೆಟ್ಟಿತ್ತು ಅಂತ ಹೇಳಿದರು.

ಮಾವ ನಂಬಲಿಲ್ಲ. ಭಾನುವಾರ ಬಂತು, ಹಾಳೆ ಬರಲಿಲ್ಲ. ಇನ್ನೊಂದು ಭಾನುವಾರವೂ ಬರಲಿಲ್ಲ. ಮಗ ಶಾಲೆಯ ಹುಡುಗನ ಹಾಗೆ ಅಪ್ಪನ ಮುಖ ತಪ್ಪಿಸಿ ಓಡಾಡುತ್ತಿದ್ದರು. ಒಂದು ಮಧ್ಯಾಹ್ನ ನಾನು ಅಕ್ಕಿ ಆರಿಸುತ್ತಿದ್ದಾಗ ಮಾವ ಎದುರಿಗೆ ಬಂದು ಕೂತರು.

“ಉಮಾ, ಅವತ್ತು ಅವ್ನು ಕೇಳಿದ್ನಲ್ಲ, ಯಾಕ್ ಹೆಚ್ಚಿಗೆ ಬರ್ದೆ ಅಂತ. ಅದ್ಕೇ ಹೋಯ್ತಾ ಅವನ್ ಕೆಲ್ಸ?”

ನನಗೆ ಸುಳ್ಳು ಹೇಳಲು ಬರುವುದಿಲ್ಲ, ಹೇಳಿದರೆ ಮುಖ ಹೇಳಿಬಿಡುತ್ತದೆ. ಮೊರದ ಮೇಲೆ ಕಣ್ಣಿಟ್ಟು ಕಲ್ಲು ಹುಡುಕುತ್ತ ಕೂತೆ. ಅವರಿಗೆ ಅಷ್ಟು ಸಾಕಾಯಿತು. ಆಮೇಲೆ, “ಆ ದೊಡ್ ಮೇಷ್ಟ್ರ ತಾವ ನನ್ ಕರ್ಕೊಂಡು ಹೋಗವ್ವ. ಅವನ್ಗೆ ಹೇಳ್ಬ್ಯಾಡ” ಅಂದರು. ಬೇಡ ಮಾವ ಅಂದೆ, ಬೈದೆ, ಕಣ್ಣೀರು ಹಾಕಿದೆ. ಕೇಳಲಿಲ್ಲ. ಇಲ್ಲದಿದ್ದರೆ ಒಬ್ಬನೇ ಹೋಗುತ್ತೇನೆ ಅಂದರು.

ಶಾಲೆಗೆ ರಜೆ ಹಾಕಿ ಕರೆದುಕೊಂಡು ಹೋದೆ. ಒಗೆದ ಪಂಚೆ, ಕೋಟು, ತಲೆಗೆ ರುಮಾಲು. ಪ್ರೊಫೆಸರ ಕೋಣೆಗೆ ಹೋಗುತ್ತಿದ್ದ ಹಾಗೆಯೇ, ಅವರು ಬನ್ನಿ ಕೂತ್ಕೊಳ್ಳಿ ಅನ್ನುತ್ತಿದ್ದರೂ ಕೂರದೆ, ಎರಡೂ ಕೈ ಜೋಡಿಸಿ ನಿಂತರು.

“ಸ್ವಾಮಿ, ನಾನು ಚನ್ನವೀರನ ಅಪ್ಪ. ಹೆಚ್ಚಿಗೆ ಬರ್ದೋನು ನಾನು. ಹುಡುಗ ಸರಿಯಾಗೇ ಹೇಳ್ಕೊಟ್ಟಿದ್ದ, ನಾನೇ ಕೇಳ್ಲಿಲ್ಲ. ಅವನ್ ತಪ್ಪಿಲ್ಲ. ನನ್ ಹೆಸ್ರು ಹಾಕಿ ಬರ್ಕೊಳಿ, ಎಲ್ ಬೇಕಾದ್ರೂ ಹೆಬ್ಬೆಟ್ಟು ಒತ್ತುತೀನಿ. ಅವನ್ಗೆ ಪಟ್ಟ ಕೊಟ್ಬುಡಿ ಸ್ವಾಮಿ.”

ಮುತ್ತಿನಂಥ ಕೈಬರಹದ ಮನುಷ್ಯ ಹೆಬ್ಬೆಟ್ಟು ಒತ್ತುತ್ತೇನೆ ಅಂದದ್ದು ಕೇಳಿ ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಅನಂತರಾಮಯ್ಯನವರು ಎದ್ದು ಬಂದು ಮಾವನ ಎರಡೂ ಕೈ ಹಿಡಿದುಕೊಂಡರು. “ಯಜಮಾನರೇ, ಯಾರ ತಪ್ಪು ಅನ್ನೋದು ಇಲ್ಲಿ ವಿಷಯ ಅಲ್ಲ. ತಪ್ಪು ನಿಮ್ಮದಾದರೂ, ಅವನದಾದರೂ, ಆ ಲೋಹ ಒಡೆಯುತ್ತೆ. ನಾನು ಏನು ಮಾಡ್ಲಿ ಹೇಳಿ?” ಅಂದರು.

“ಒಡೆಯೋದೇ ದಿಟವಾ ಸ್ವಾಮಿ?”

“ಹೌದು. ಅದೇ ನಿಜ.”

ಮಾವ ತಲೆಯಾಡಿಸಿದರು.

ಆ ಸಂಜೆಯಿಂದ ಅವರು ಉಣ್ಣುವುದು ನಿಂತೇಹೋಯಿತು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಹಾಗೇ ಬಿಡುವರು. ನಾನು ಗದರಿದೆ, ಗೋಗರೆದೆ. ಕೊನೆಗೆ ಒಂದು ದಿನ ತಟ್ಟೆ ಸರಿಸಿ ಅಂದರು: “ಅವನು ನನ್ ಒಂದ್ ಮಾತೂ ಬೈಲಿಲ್ಲ ಕಣವ್ವ. ಬೈದಿದ್ರೆ ಉಣ್ಬೋದಾಗಿತ್ತು.”

ನಾನು ತಟ್ಟೆ ಅಲ್ಲೇ ಬಿಟ್ಟು ಕೋಣೆಗೆ ನುಗ್ಗಿದೆ. ಇವರು ಕಿಟಕಿ ಹತ್ತಿರ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದರು. ಎಲ್ಲ ಕಸಿದು ನೆಲಕ್ಕೆ ಹಾಕಿದೆ. “ಏಳ್ರೀ ಮೇಲೆ! ಹೋಗಿ ಬೈಯ್ರಿ ಅವರನ್ನ. ನನ್ನ ಬದುಕು ಹಾಳು ಮಾಡಿದೆ ಅಂತ ಹೇಳಿ. ನೀವು ಒಳ್ಳೆಯವರಾಗಿ ಕೂತು ಅವರನ್ನ ಕೊಲ್ತಿದೀರಿ! ಒಂದೇ ಒಂದು ಸಲ ಬೈದುಬಿಡಿ, ನಿಮ್ಮ ದಮ್ಮಯ್ಯ!”

ಎದ್ದು ಹೋದರು. ಅಪ್ಪನ ಮುಂದೆ ನಿಂತರು. ಮಾವ ತಲೆ ಎತ್ತಿ ಕಾದರು. ಆ ಮುಖದಲ್ಲಿ ಎಂಥ ಆಸೆ ಇತ್ತು ಅಂತೀರಿ! ಇವರ ಬಾಯಿ ತೆರೆಯಿತು. ಕೊನೆಗೆ ಹೊರಟದ್ದು ಇಷ್ಟೇ: “ಊಟ ಮಾಡಪ್ಪ. ಸಾರು ತಣ್ಣಗಾಗುತ್ತೆ.”

ಮಾವ ತಲೆ ತಗ್ಗಿಸಿದರು. ಮುಂದಿನ ಮಾಗಿಯಲ್ಲಿ ತೀರಿಕೊಂಡರು.

ಗುಬ್ಬಿಗೆ ಒಯ್ದು, ಅತ್ತೆಯ ಪಕ್ಕದಲ್ಲೇ ಗುಣಿ ತೆಗೆಸಿ, ನಮ್ಮವರ ಪದ್ಧತಿಯ ಹಾಗೆ ಕೂರಿಸಿದೆವು. ಅಯ್ಯನೋರು ವಿಭೂತಿ, ಬಿಲ್ವಪತ್ರೆ ಹಾಕಿಸಿದರು. ಮೊದಲ ಮಣ್ಣು ಮಗ ಹಾಕಬೇಕು. ಇವರು ಮಣ್ಣು ಹಿಡಿದು ಬಗ್ಗಿದವರು ಹಾಕಲೇ ಇಲ್ಲ. ಬಗ್ಗಿದ ಹಾಗೇ ಕೂಗಿದರು. ಅಷ್ಟು ವರ್ಷದ ಸಂಸಾರದಲ್ಲಿ ಆ ದನಿಯನ್ನು ನಾನು ಕೇಳಿರಲಿಲ್ಲ.

“ಯಾಕಪ್ಪಾ ಹೆಚ್ಚಿಗೆ ಬರ್ದೆ? ನಾನು ಹೇಳ್ಕೊಟ್ಟಿರ್ಲಿಲ್ವಾ? 

ಹತ್ತು ವರ್ಷ ಹೋಯ್ತಲ್ಲಪ್ಪಾ ನಂದು! ಎಲ್ಲ ಹಾಳ್ ಮಾಡ್ಬಿಟ್ಟೆ ಕಣಪ್ಪಾ, ಎಲ್ಲಾ ಹಾಳ್ ಮಾಡ್ಬಿಟ್ಟೆ!”

ನೆರೆದವರು ದುಃಖಕ್ಕೆ ಏನೇನೋ ಬಡಬಡಿಸುತ್ತಿದ್ದಾರೆ ಅಂದುಕೊಂಡು, ಸಮಾಧಾನ ಮಾಡ್ಕೊಳಿ ಮೇಷ್ಟ್ರೇ ಅಂತ ತೋಳು ಹಿಡಿದು ಎಳೆದರು. ಬಿಡ್ರಿ, ಅವರನ್ನ ಬಿಡ್ರಿ, ಬೈಯಲಿ ಅಂತ ನಾನು ಅರಚಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಾವ ಗುಣಿಯೊಳಗೆ ತಲೆ ತಗ್ಗಿಸಿಕೊಂಡು ಕೂತಿದ್ದರು.